ಬಳಚಿನ ಲೆಕ್ಕದ ಪುಸ್ತಕ: ನಮ್ಮ ಅಳಿವೆಯ ಅಧ್ಯಯನ ನಾವೇ ಮಾಡುವುದು ಹೇಗೆ

ಸಭೆಯನ್ನು ಭರತದ ಹೊತ್ತಿಗೆ, ಅಂದರೆ ಸಮುದ್ರದ ನೀರು ಏರಿ ಹೊಳೆ ತುಂಬಿದಾಗ, ಕರೆಯಿರಿ. ಮಿಕ್ಕ ಮಾತೆಲ್ಲ ಆಮೇಲೆ.

ನಮ್ಮ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ. ನನ್ನ ಅಬ್ಬೆ ಆಯುಷ್ಯವಿಡೀ ಈ ಹೊಳೆಯಲ್ಲಿ ಬಳಚು, ಅಂದರೆ ಕೆಸರಿನಲ್ಲಿ ಸಿಗುವ ತಿನ್ನುವ ಚಿಪ್ಪುಜೀವಿ, ಹೆಕ್ಕಿದವಳು. ನಾನು ಬಿ.ಕಾಂ. ಓದಿ, ಸೊಸೈಟಿಯಲ್ಲಿ ಲೆಕ್ಕ ಬರೆದು, ಆಮೇಲೆ ಊರಿನ ಹೆಂಗಸರ ಜೊತೆ ಹೊಳೆಯ ಲೆಕ್ಕ ಬರೆಯಲು ಕೂತವಳು. ಚಿಕ್ಕಂದಿನಿಂದ ನೋಡಿದ್ದೇನೆ: ಹೊಳೆಯ ವಿಚಾರ ಕೇಳಲು ಹೊರಗಿನಿಂದ ಜನ ಬರುತ್ತಾರೆ, ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಲ್ಲಿ ಸಭೆ ಎನ್ನುತ್ತಾರೆ. ಆ ಹೊತ್ತಿಗೆ ಇಳಿತವಿದ್ದರೆ ಬಳಚಿನ ವಿಷಯ ಬಲ್ಲವರೆಲ್ಲ ಸೊಂಟದವರೆಗೆ ನೀರಿನಲ್ಲಿರುತ್ತಾರೆ. ಸಭೆಗೆ ಬಂದು ಉತ್ತರ ಕೊಡುವವರು ಹೊಳೆಗೆ ಇಳಿಯದವರು. ಅವರು ಹೇಳಿದ್ದೇ ವರದಿಯಾಗುತ್ತದೆ.

ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಇವತ್ತು ಒಂಬತ್ತಕ್ಕೆ ನೀರು ತುಂಬಿದರೆ ನಾಳೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ. ತಿಥಿ ಕೇಳಿದರೆ ಸಾಕು, ನಮ್ಮ ಹಿರಿಯರು ಭರತದ ಹೊತ್ತು ಹೇಳುತ್ತಾರೆ. ಹಾಗೆ ಹೇಳುವವರೊಬ್ಬರನ್ನು ಮೊದಲ ದಿನವೇ ಜೊತೆಗೆ ಸೇರಿಸಿಕೊಳ್ಳಿ.

ಪ್ರಶ್ನೆ ಯಾವುದು

"ಬಳಚು ಕಡಿಮೆ ಆಗಿದೆ" ಎಂಬುದು ದೂರು. ದೂರನ್ನು ಅಳೆಯಲು ಬರುವುದಿಲ್ಲ. ಅದನ್ನು ಪ್ರಶ್ನೆಯಾಗಿ ತಿರುಗಿಸುವ ಕೆಲಸಕ್ಕೆ ನಮಗೆ ಮೂರು ಸಭೆ ಹಿಡಿಯಿತು. ಇಳಿತದಲ್ಲಿ ಮೇಲೆ ಕಾಣುವ ಯಾವ ಕೆಸರಿನ ದಿಬ್ಬದಲ್ಲಿ ಕಡಿಮೆ? ಸಣ್ಣದು ಇಲ್ಲವೋ, ದೊಡ್ಡದು ಇಲ್ಲವೋ? ಮಳೆ ಮುಗಿದ ಮೇಲಿನ ತಿಂಗಳುಗಳಲ್ಲೋ, ಬೇಸಿಗೆಯಲ್ಲೋ? ಹೊಳೆಯಲ್ಲೇ ಇಲ್ಲವೋ, ಹೆಕ್ಕುವವರು ಹೆಚ್ಚಾಗಿ ಒಬ್ಬೊಬ್ಬರ ಪಾಲು ಇಳಿಯಿತೋ? ಕೊನೆಯ ಪ್ರಶ್ನೆ ಕೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಊರಿನಲ್ಲಿ ಈಗಾಗಲೇ ಯಾವುದರ ಬಗ್ಗೆ ಜಗಳ ನಡೆಯುತ್ತಿದೆಯೋ ಅದನ್ನೇ ಪ್ರಶ್ನೆಯಾಗಿ ಹಿಡಿಯಿರಿ ಎಂಬುದು ನನ್ನ ಸಲಹೆ. ಜಗಳವಿದ್ದ ಕಡೆ ಉತ್ತರ ಬೇಕೆನ್ನುವವರು ಇರುತ್ತಾರೆ. ಎರಡು ವರ್ಷ ಬಿಡದೆ ಬರೆಯುವವರೂ ಅಲ್ಲೇ ಸಿಗುತ್ತಾರೆ. ನಮ್ಮಲ್ಲಿದ್ದ ಜಗಳ ಸಣ್ಣ ಬಳಚಿನದು: "ಬೆರಳುಗುರಿನಷ್ಟು ಇರುವುದನ್ನೂ ತುಂಬಿಕೊಂಡು ಹೋಗುತ್ತಾರೆ" ಎಂದು ಒಂದು ಕೇರಿಯವರು, "ನಾವಲ್ಲ, ಆಚೆ ದಡದವರು" ಎಂದು ಇನ್ನೊಂದು ಕೇರಿಯವರು. ಹಾಗಾಗಿ ನಮ್ಮ ಪುಸ್ತಕ ಗಾತ್ರದಿಂದ ಶುರುವಾಯಿತು.

ಹೊರಗಿನ ಅಧ್ಯಯನಗಳನ್ನು ತಳ್ಳಿಹಾಕಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಅಳಿವೆಯಲ್ಲಿ ಓಡಾಡಿ, ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳನ್ನು ಇಲ್ಲಿ ಹೆಕ್ಕುತ್ತಾರೆ, 2,300ಕ್ಕೂ ಹೆಚ್ಚು ಜನರ ದುಡಿಮೆ ಇದರಲ್ಲಿದೆ ಎಂದು 2008ರಲ್ಲೇ ಅಂದಾಜು ಮಾಡಿದ್ದರು. ನಾವು ಮಾಡುವುದು ಲೆಕ್ಕಕ್ಕೆ ಬಾರದ ಚಿಲ್ಲರೆ ಕೆಲಸ ಎಂದುಕೊಂಡಿದ್ದ ಹೆಂಗಸರಿಗೆ ಆ ಅಂಕಿ ಓದಿ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಆದರೆ ಆ ಲೆಕ್ಕ ಇಡೀ ಅಳಿವೆಯದು, ಒಂದು ಕಾಲದ್ದು. ನಿಮ್ಮ ದಿಬ್ಬದ ಈ ವರ್ಷದ ಲೆಕ್ಕವನ್ನು ನೀವೇ ಬರೆಯಬೇಕು.

ಏನನ್ನು ಬರೆಯಬಾರದು

ಬರೆಯುವುದನ್ನು ತೀರ್ಮಾನಿಸುವ ಮೊದಲು ಬರೆಯಬಾರದ್ದನ್ನು ತೀರ್ಮಾನಿಸಿ. ಒಳ್ಳೆಯ ಬಳಚು ಸಿಗುವ ಜಾಗ ಒಂದೊಂದು ಮನೆಯ ಗುಟ್ಟು. ಅದನ್ನು ನಕ್ಷೆಯ ಮೇಲೆ ಗುರುತಿಸಿ ಹೊರಗೆ ಕೊಟ್ಟರೆ ನಾಳೆ ಅಲ್ಲಿ ಯಂತ್ರದ ದೋಣಿ ನಿಂತೀತು. ನಾವು ದಿಬ್ಬಗಳಿಗೆ ಹೂವಿನ ಹೆಸರಿಟ್ಟೆವು: ಅಬ್ಬಲಿಗೆ, ಸಂಪಿಗೆ, ದಾಸವಾಳ. ಯಾವ ಹೂವು ಯಾವ ದಿಬ್ಬ ಎಂಬ ಚೀಟಿ ಬೇರೆ ಮನೆಯಲ್ಲಿ, ಪುಸ್ತಕ ಬೇರೆ ಮನೆಯಲ್ಲಿ. ಹೆಕ್ಕಿದವರ ಹೆಸರನ್ನೂ ಬರೆಯುವುದಿಲ್ಲ, ಮನೆಗೊಂದು ಅಂಕಿ ಅಷ್ಟೇ. ಬೇಡ ಎನಿಸಿದವರು ಯಾವ ದಿನ ಬೇಕಾದರೂ ಬಿಡಬಹುದು, ಅವರ ಹಿಂದಿನ ಪುಟಗಳನ್ನು ತೆಗೆಸಬಹುದು. ಈ ಮಾತನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದು, ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ.

ಹೆಸರಿನ ತಟ್ಟೆ

ಒಂದೇ ಮೀನು ಕಾರವಾರದ ಕಡೆ ತಾರ್ಲೆ, ಕುಂದಾಪುರದಲ್ಲಿ ಬೈಗೆ, ಮಂಗಳೂರಿನಲ್ಲಿ ಬೂತಾಯಿ. ಮೀನಿಗೇ ಹೀಗಾದರೆ ಚಿಪ್ಪಿನ ಪಾಡು ಕೇಳಬೇಡಿ. ಎರಡು ಬೇರೆ ಜಾತಿಯನ್ನು ಒಂದೇ ಹೆಸರಿನಿಂದ ಕರೆಯುವುದುಂಟು, ಒಂದೇ ಜಾತಿಗೆ ಸಣ್ಣದಿರುವಾಗ ಒಂದು, ಬೆಳೆದಾಗ ಇನ್ನೊಂದು ಹೆಸರೂ ಉಂಟು. ಬಾಯಿಮಾತಿನಲ್ಲಿ ಹೆಸರು ಕೇಳಿ ಬರೆದುಕೊಂಡರೆ ಲೆಕ್ಕ ಮೊದಲ ದಿನವೇ ಕಲಸಿಹೋಗುತ್ತದೆ.

ಒಂದು ಅಗಲ ತಟ್ಟೆಯಲ್ಲಿ ನಿಮ್ಮಲ್ಲಿ ಸಿಗುವ ಪ್ರತಿ ಬಗೆಯ ಚಿಪ್ಪನ್ನು ತೊಳೆದು ಒಣಗಿಸಿ ಇಡಿ. ಪ್ರತಿಯೊಂದಕ್ಕೂ ಸಣ್ಣದು, ನಡುವಿನದು, ದೊಡ್ಡದು ಹೀಗೆ ಮೂರು. ಐದಾರು ಜನರನ್ನು ಬೇರೆ ಬೇರೆಯಾಗಿ ಕೂರಿಸಿ, ಕೈಗೆ ಕೊಟ್ಟು ಹೆಸರು ಕೇಳಿ. ಎಲ್ಲರೂ ಒಪ್ಪಿದ ಹೆಸರನ್ನು ಚಿಪ್ಪಿನ ಒಳಮೈಗೆ ಬರೆಯಿರಿ. ಆಮೇಲೆ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದವರಿಗೋ, ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕಾರವಾರ ಅಥವಾ ಮಂಗಳೂರು ಕೇಂದ್ರದವರಿಗೋ ತೋರಿಸಿ ಶಾಸ್ತ್ರೀಯ ಹೆಸರು ಸೇರಿಸಿ. ಅಳಿವೆಯ ಬಾಯಿಯ ಹತ್ತಿರ ಹೆಚ್ಚಾಗಿ ಸಿಗುವ, ಮಾರಾಟಕ್ಕೆ ಹೋಗುವ ಬಳಚು ಪೇಫಿಯಾ ಮಲಬಾರಿಕಾ. ಹೊಳೆಯಲ್ಲಿ ಮೇಲೆ ಹೋದಂತೆ, ಉಪ್ಪು ಕಡಿಮೆಯಾಗುವ ಕಡೆ ಸಿಗುವ ಕಪ್ಪು ಚಿಪ್ಪಿನದು ವಿಲೋರಿಟಾ. ಬಂಡೆಗೆ ಅಂಟಿದ ಹಸಿರು ಅಂಚಿನ ನೀಲಿಕಲ್ಲು ಪೆರ್ನಾ ವಿರಿಡಿಸ್. ತಟ್ಟೆ ಇದ್ದರೆ ಶಾಲೆಯ ಮಕ್ಕಳೂ ತಪ್ಪಿಲ್ಲದೆ ಬರೆಯುತ್ತಾರೆ.

ಪುಸ್ತಕದ ಕಲಮುಗಳು

ಉದ್ದ ಪುಸ್ತಕ, ಗಟ್ಟಿ ರಟ್ಟು, ಪೆನ್ಸಿಲ್. ಪೆನ್ನು ಬೇಡ, ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ. ನಮ್ಮ ಕಲಮುಗಳು ಇವು: ತಾರೀಕು ಮತ್ತು ತಿಥಿ; ದಿಬ್ಬದ ಹೂವಿನ ಹೆಸರು; ನೀರಿಗೆ ಇಳಿದ ಹೊತ್ತು, ಮೇಲೆ ಬಂದ ಹೊತ್ತು; ಎಷ್ಟು ಜನ; ಕೈಯಲ್ಲಿ ಹೆಕ್ಕಿದ್ದೋ ಮುಳುಗಿ ತೆಗೆದದ್ದೋ; ಎಷ್ಟು ಬುಟ್ಟಿ; ಬುಟ್ಟಿಗೆ ಸಿಕ್ಕ ದರ. ಇಷ್ಟೇ. ಶುರುವಿನಲ್ಲಿ ಹದಿನೇಳು ಕಲಮು ಹಾಕಿದ್ದೆ. ನೀರಿನಿಂದ ಬಂದು ಅಡುಗೆಗೆ ಓಡಬೇಕಾದವಳ ಹತ್ತಿರ ಹದಿನೇಳು ಪ್ರಶ್ನೆ ಕೇಳುವುದು ತಪ್ಪು. ಎರಡನೇ ವಾರಕ್ಕೇ ಅರ್ಧ ಕಲಮು ಖಾಲಿ ಬಿದ್ದಿತ್ತು.

ಬುಟ್ಟಿ ಎಂದರೆ ಎಷ್ಟು? ಎಲ್ಲರ ಬುಟ್ಟಿ ತಂದು ತೂಗಿ. ಒಂದೇ ಗಾತ್ರ ಎಂದುಕೊಂಡಿದ್ದ ನಮ್ಮ ಕೇರಿಯ ಬುಟ್ಟಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎರಡು ಕಿಲೋ ಫರಕು ಬಂತು. ಪ್ರತಿ ಮನೆಯ ಬುಟ್ಟಿಯ ತೂಕವನ್ನು ಕೊನೆಯ ಪುಟದಲ್ಲಿ ಬರೆದಿಡಿ, ಬುಟ್ಟಿ ಬದಲಾದರೆ ಮತ್ತೆ ತೂಗಿ.

ಹೊತ್ತು ಮತ್ತು ಜನದ ಕಲಮು ಯಾಕೆಂದು ಎಲ್ಲರೂ ಕೇಳುತ್ತಾರೆ. ಹೀಗೆ ಲೆಕ್ಕ ಮಾಡಿ ತೋರಿಸಿ. ಇಬ್ಬರು ಎರಡು ಗಂಟೆಯಲ್ಲಿ ಮೂರು ಬುಟ್ಟಿ ಹೆಕ್ಕಿದರೆ ತಲೆಗೆ ಗಂಟೆಗೆ ಮುಕ್ಕಾಲು ಬುಟ್ಟಿ. ಆರು ಜನ ನಾಲ್ಕು ಗಂಟೆ ಹೆಕ್ಕಿ ಅದೇ ಮೂರು ಬುಟ್ಟಿ ತಂದರೆ ತಲೆಗೆ ಗಂಟೆಗೆ ಬುಟ್ಟಿಯ ಎಂಟನೇ ಒಂದು ಪಾಲು. ದಡದಲ್ಲಿ ನಿಂತವರಿಗೆ ಎರಡೂ ದಿನ ಮೂರೇ ಬುಟ್ಟಿ ಕಾಣುತ್ತದೆ. ಹೊಳೆ ಬರಿದಾಗುತ್ತಿದೆಯೋ ಇಲ್ಲವೋ ಹೇಳುವುದು ತಲೆಗೆ ಗಂಟೆಗೆ ಬಂದ ಅಂಕಿ. ದಡದಿಂದ ಬಲೆ ಎಳೆಯುವ ಕೈರಂಪಣಿಯವರೂ ಸಣ್ಣ ಪಾತಿ ದೋಣಿಯ ಮೀನುಗಾರರೂ ಇದೇ ಲೆಕ್ಕ ಇಡಬಹುದು. ಅಲ್ಲಿ ಬಲೆಯ ಉದ್ದ, ಕಣ್ಣಿನ ಅಳತೆ, ಎಷ್ಟು ಸಲ ಬಲೆ ಬಿಟ್ಟರು ಎಂಬುದು ಸೇರುತ್ತದೆ.

ಸೊನ್ನೆಯನ್ನು ಬರೆಯಿರಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಏನೂ ಸಿಗದೆ ಬಂದ ದಿನ "ಬರೆಯುವುದೇನಿದೆ" ಎಂದು ಹೆಂಗಸರು ನೇರ ಮನೆಗೆ ಹೋಗುತ್ತಾರೆ. ಆಗ ಪುಸ್ತಕದಲ್ಲಿ ಒಳ್ಳೆಯ ದಿನಗಳು ಮಾತ್ರ ಉಳಿದು, ಹೊಳೆ ತುಂಬಿ ತುಳುಕುತ್ತಿರುವಂತೆ ಕಾಣುತ್ತದೆ. ಹೋಗಿ ಸಿಗದಿದ್ದರೆ ಸೊನ್ನೆ. ಹೋಗದೇ ಇದ್ದರೆ ಗೀಟು, ಪಕ್ಕದಲ್ಲಿ ಕಾರಣ: ಜ್ವರ, ಮದುವೆ, ಹಬ್ಬ, ಗದ್ದೆ ಕೆಲಸ. ಇವೆರಡನ್ನು ಕಲಸಬಾರದು.

ಅಳೆಯುವುದು

ನಮ್ಮ ಮೊದಲ ವರ್ಷದ ಅಳತೆಯೆಲ್ಲ ವ್ಯರ್ಥವಾಯಿತು. ಹೆಂಗಸರು ದಡಕ್ಕೆ ಬಂದು, ಸಣ್ಣದನ್ನು ಬೇರೆ ಮಾಡಿ, ಮಾರಾಟದ ರಾಶಿ ಒಟ್ಟಿದ ಮೇಲೆ ನಾನು ಸ್ಕೇಲು ಹಿಡಿದು ಹೋಗುತ್ತಿದ್ದೆ. ಇಡೀ ವರ್ಷ ಗಾತ್ರ ಚೆನ್ನಾಗಿಯೇ ಬಂತು. ಪುಸ್ತಕ ನೋಡಿದ ಕಾಲೇಜು ಉಪನ್ಯಾಸಕರೊಬ್ಬರು ಒಂದೇ ಮಾತು ಕೇಳಿದರು: "ಆರಿಸುವ ಮೊದಲು ಅಳೆದಿರೋ, ಆಮೇಲೋ?" ನಾನು ಅಳೆದದ್ದು ಹೊಳೆಯನ್ನಲ್ಲ, ಮಾರುಕಟ್ಟೆಯ ಬಯಕೆಯನ್ನು. ಆ ರಾತ್ರಿ ನಿದ್ದೆ ಬರಲಿಲ್ಲ.

ಆದ್ದರಿಂದ ಆರಿಸುವ ಮೊದಲು ಅಳೆಯಿರಿ. ಬುಟ್ಟಿಯನ್ನು ಚೆನ್ನಾಗಿ ಕಲಸಿ, ಕಣ್ಣು ಬೇರೆ ಕಡೆ ತಿರುಗಿಸಿ ಬೊಗಸೆಯಲ್ಲಿ ಎತ್ತಿ, ಎತ್ತಿದ್ದನ್ನೆಲ್ಲ ಅಳೆಯಿರಿ. ನೂರು ಚಿಪ್ಪು ಆಗುವವರೆಗೆ ಬೊಗಸೆ ಬೊಗಸೆ ಎತ್ತುತ್ತ ಹೋಗಿ. ಕೊನೆಯ ಬೊಗಸೆಯಲ್ಲಿ ನೂರು ದಾಟಿದರೂ ನಡುವೆ ನಿಲ್ಲಿಸಬೇಡಿ. ಚಿಪ್ಪಿನ ಅತಿ ಉದ್ದದ ಕಡೆಯನ್ನು ಮಿಲಿಮೀಟರಿನಲ್ಲಿ ಹಿಡಿಯಲು ವರ್ನಿಯರ್ ಎಂಬ ಪ್ಲಾಸ್ಟಿಕ್ಕಿನ ಅಳತೆಯ ಇಕ್ಕಳ ಸಾಕು. ಉಕ್ಕಿನದು ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಒಬ್ಬರು ಅಳೆದು ಕೂಗಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಿ ಬರೆಯಬೇಕು. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು, ತಪ್ಪಿಸಬಾರದು.

ಮೀನಾದರೆ ಒಂದು ಹಲಗೆಗೆ ಸ್ಕೇಲು ಅಂಟಿಸಿ, ಒಂದು ತುದಿಗೆ ಅಡ್ಡಪಟ್ಟಿ ಹೊಡೆಯಿರಿ. ಮೂತಿಯನ್ನು ಪಟ್ಟಿಗೆ ಒತ್ತಿ, ಬಾಲದ ತುದಿಯವರೆಗೆ ಓದಿ. ನೆರೆಯ ಕೇರಳದಲ್ಲಿ ಬಂಗಡೆ 14 ಸೆಂಟಿಮೀಟರ್, ತಾರ್ಲೆ 10 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಹಿಡಿಯಬಾರದು ಎಂಬ ನಿಯಮವಿದೆ. ಹಲಗೆಯ ಮೇಲೆ ಆ ಎರಡು ಕಡೆ ಕೆಂಪು ಗೆರೆ ಎಳೆದರೆ, ನೋಡುತ್ತ ನಿಂತ ಹುಡುಗರು ತಾವಾಗಿಯೇ ಲೆಕ್ಕ ಹಾಕಲು ಶುರುಮಾಡುತ್ತಾರೆ.

ದಿಬ್ಬದ ಮೇಲೆ ಚೌಕ

ಬುಟ್ಟಿಯ ಲೆಕ್ಕ ಜನ ತಂದದ್ದನ್ನು ಹೇಳುತ್ತದೆ. ಕೆಸರಿನ ಒಳಗೆ ಇನ್ನೂ ಏನಿದೆ ಎಂದು ತಿಳಿಯಲು ಅಗೆದೇ ನೋಡಬೇಕು. ಪಿವಿಸಿ ಪೈಪಿನ ನಾಲ್ಕು ತುಂಡು, ನಾಲ್ಕು ಎಲ್ಬೋ, ಒಳಗಡೆ ಅರ್ಧ ಮೀಟರ್ ಉದ್ದಗಲದ ಚೌಕ. ನೀರು ಒಳಗೆ ಹೋಗುವಂತೆ ಪೈಪಿಗೆ ತೂತು ಕೊರೆಯಿರಿ, ಇಲ್ಲದಿದ್ದರೆ ತೇಲುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಚೀಚೆ ನೀರು ತೀರಾ ಕೆಳಗಿಳಿಯುತ್ತದೆ, ಆ ದಿನಗಳನ್ನೇ ಹಿಡಿಯಿರಿ. ಅಷ್ಟಮಿಯ ಸುಮಾರಿಗೆ ಇಳಿತ ಮಂದ, ದಿಬ್ಬ ಪೂರ್ತಿ ಕಾಣುವುದಿಲ್ಲ.

ದಡದಿಂದ ನೀರಿನ ಕಡೆಗೆ ನೇರ ಹಗ್ಗ ಎಳೆದು, ಹತ್ತು ಹತ್ತು ಹೆಜ್ಜೆಗೆ ಚೌಕ ಇಡಿ. ಚೌಕ ಬಿದ್ದ ಕಡೆ ಚಿಪ್ಪು ಇಲ್ಲವೆಂದು ಪಕ್ಕಕ್ಕೆ ಸರಿಸಬೇಡಿ. ಅನುಭವಸ್ಥ ಕೈ ಅದನ್ನೇ ಮಾಡಲು ಹೋಗುತ್ತದೆ. ಬಳಚು ಇರುವ ಕಡೆ ಹುಡುಕುವುದೇ ಅವರ ಬದುಕು. ಒಂದು ಗೇಣು ಆಳಕ್ಕೆ ಅಗೆದು, ಜರಡಿಯಲ್ಲಿ ತೊಳೆದು, ಸಿಕ್ಕಿದ್ದನ್ನು ಎಣಿಸಿ ಅಳೆದು, ಮತ್ತೆ ಅದೇ ಕೆಸರಿಗೆ ಬಿಡಿ. ಬಂದ ಎಣಿಕೆಯನ್ನು ನಾಲ್ಕರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ. ತಿಂಗಳಿಗೊಮ್ಮೆ, ಅದೇ ಹಗ್ಗದ ಗೆರೆ; ಗೂಟ ಹೊಡೆದು ಗುರುತು ಇಟ್ಟುಕೊಳ್ಳಿ.

ಒಬ್ಬರೇ ಹೋಗಬೇಡಿ. ದಿಬ್ಬದ ನಡುವೆ ತಲೆ ಬಗ್ಗಿಸಿ ಎಣಿಸುತ್ತಿರುವಾಗ ಹಿಂದಿನ ತಗ್ಗಿನಲ್ಲಿ ಮೊದಲು ನೀರು ತುಂಬುತ್ತದೆ, ಎದುರಿಗೆ ಕಾಣುವುದು ಆಮೇಲೆ. ಒಬ್ಬರು ನೀರು ನೋಡಲೆಂದೇ ದಡದಲ್ಲಿ ಇರಲಿ. ಕಾಲಿಗೆ ದಪ್ಪ ತಳದ ಬೂಟು ಬೇಕೇ ಬೇಕು. ಕಲ್ಲಿಗಂಟಿದ ಚಿಪ್ಪಿನ ಅಂಚು ಕೊಯ್ದ ಗಾಯ ಬೇಗ ಮಾಯುವುದಿಲ್ಲ.

ನೀರಿನ ಉಪ್ಪು

ಇದನ್ನು ಬಿಡಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಬಳಚಿನ ಬದುಕು ಉಪ್ಪಿನ ಮೇಲೆ ನಿಂತಿದೆ. ಸಮುದ್ರದ ನೀರಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪು. ಜೂನಿನ ಮಳೆಗೆ ಹೊಳೆ ಕೆಂಪಾಗಿ ಇಳಿದಾಗ ನಮ್ಮ ದಿಬ್ಬದ ಮೇಲೆ ನೀರು ನಾಲಿಗೆಗೆ ಸಪ್ಪೆಯಾಗುತ್ತದೆ. ಮಳೆ ನಿಂತಂತೆ ಉಪ್ಪು ಮತ್ತೆ ಮೇಲೇರುತ್ತದೆ. ಅಘನಾಶಿನಿಗೆ ಶಿರಸಿಯ ಮೂಲದಿಂದ ಸಮುದ್ರದವರೆಗೆ ದೊಡ್ಡ ಅಣೆಕಟ್ಟು ಇಲ್ಲ, ಹಾಗಾಗಿ ಈ ಏರಿಳಿತ ಮಳೆಗಾಲದ ಹಿಂದೆಯೇ ನಡೆಯುತ್ತದೆ. ಪಕ್ಕದ ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ಮುಗಿದ ಮೇಲೆ ವಿದ್ಯುತ್ ಮಾಡಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಇಳಿಯುತ್ತದೆ. ಅಲ್ಲಿ ಉಪ್ಪು ಕಡಿಮೆ, ಚಿಪ್ಪಿನ ಬಗೆಗಳೂ ಕಡಿಮೆ. ನಿಮ್ಮ ಹೊಳೆಯ ನೀರಿನ ಬಗ್ಗೆ ನಾಳೆ ಯಾರಾದರೂ ಯೋಜನೆ ತಂದರೆ, ಇವತ್ತಿನ ಉಪ್ಪಿನ ಲೆಕ್ಕ ನಿಮ್ಮ ಕೈಯಲ್ಲಿರಬೇಕು.

ರಿಫ್ರಾಕ್ಟೋಮೀಟರ್ ಎಂಬ ಕೈಯುಪಕರಣ ಇದೆ, ಎರಡು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಉಪ್ಪಿನ ಅಂಕಿ ಕಾಣುತ್ತದೆ. ಪ್ರತಿ ಸಲ ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಿಂದ ಸೊನ್ನೆಗೆ ಕೂರಿಸಿ. ನೀರನ್ನು ಮೇಲಿನಿಂದ ಮೊಗೆಯಬೇಡಿ. ಉಪ್ಪುನೀರು ಭಾರ, ಅಡಿಯಲ್ಲಿ ಉಳಿಯುತ್ತದೆ. ಬಳಚು ಇರುವುದೂ ಅಡಿಯಲ್ಲಿ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ತಳ ಮುಟ್ಟಿದ ಮೇಲೆ ಬಿರಡೆ ಎಳೆಯಿರಿ. ಮೇಲಿನದೊಂದು, ಅಡಿಯದೊಂದು, ಎರಡೂ ಬರೆಯಿರಿ. ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ) ಜಂತ್ರಡಿ, ಅಂದರೆ ನೀರಿನ ಬಾಗಿಲು, ತೆರೆದ ದಿನ, ಮುಚ್ಚಿದ ದಿನವೂ ಇದೇ ಪುಟಕ್ಕೆ ಸೇರಲಿ.

ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಲೆಕ್ಕಕ್ಕೆ ಸುಲಭದ ದಾರಿ: ಒಂದು ಗೂಟ, ಅದರ ತಲೆಯ ಮೇಲೆ ಫೋನು, ಅದೇ ದಿಕ್ಕಿಗೆ, ಮೂರು ತಿಂಗಳಿಗೊಂದು ಫೋಟೊ. ಎರಡು ವರ್ಷಕ್ಕೆ ದಂಡೆ ಎಷ್ಟು ಸರಿದಿದೆ, ಸಸಿ ಎಷ್ಟು ಎದ್ದಿದೆ ಎಂದು ಹೇಳುವುದೇ ಬೇಕಾಗುವುದಿಲ್ಲ.

ಪುಸ್ತಕ ಯಾರದು

ತಿಂಗಳಿಗೊಮ್ಮೆ ಎಲ್ಲ ಪುಟಗಳ ಫೋಟೊ ತೆಗೆದು ಇಬ್ಬರ ಫೋನಿನಲ್ಲಿಡಿ. ಅಸಲು ಪುಸ್ತಕ ಊರು ಬಿಡಬಾರದು. ಒಮ್ಮೆ ಹೊರಗಿನವರೊಬ್ಬರು ನಕಲು ಮಾಡಿ ಕೊಡುತ್ತೇನೆಂದು ನಮ್ಮ ಒಂದು ಪುಸ್ತಕ ಒಯ್ದರು. ಅದು ತಿರುಗಿ ಬರಲಿಲ್ಲ. ಎಂಟು ತಿಂಗಳ ಬೆವರು ಹೋಯಿತು. ಈಗ ಯಾರೇ ಕೇಳಲಿ, ಮೂರು ಸಾಲಿನ ಪತ್ರಕ್ಕೆ ಸಹಿ: ಯಾವುದಕ್ಕೆ ಬಳಸುತ್ತೀರಿ, ಅಚ್ಚಾಗುವ ಮೊದಲು ಊರಿಗೆ ಓದಿ ಹೇಳುತ್ತೀರಾ, ಬರೆದವರ ಗುಂಪಿನ ಹೆಸರು ಹಾಕುತ್ತೀರಾ. ಒಳ್ಳೆಯ ಸಂಶೋಧಕರು ಸಂತೋಷದಿಂದ ಸಹಿ ಮಾಡಿದ್ದಾರೆ.

ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಜನತಾ ಜೀವವೈವಿಧ್ಯ ದಾಖಲೆ ಬರೆಸುವುದು ಅದರ ಕೆಲಸ. ನಿಮ್ಮ ತಟ್ಟೆಯ ಹೆಸರುಗಳು, ಗುಟ್ಟಲ್ಲದ ಲೆಕ್ಕಗಳು ಅಲ್ಲಿ ಸೇರಿದರೆ ಸರಕಾರಿ ದಾಖಲೆಯ ಬಲ ಬರುತ್ತದೆ. 2024ರಲ್ಲಿ ನಮ್ಮ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗುಭೂಮಿಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದೆ. ಪಟ್ಟಿಗೆ ಸೇರಿದ ಜಾಗದಲ್ಲಿ ಏನು ಉಳಿದಿದೆ, ಏನು ಹೋಗುತ್ತಿದೆ ಎಂದು ದಿನಾ ನೋಡುವವರು ನಾವೇ.

ಓದಿ ಹೇಳುವುದು

ಆರು ತಿಂಗಳಿಗೊಮ್ಮೆ ಲೆಕ್ಕವನ್ನು ಊರಿಗೆ ಒಪ್ಪಿಸಿ, ಮತ್ತೆ ಭರತದ ಹೊತ್ತಿಗೆ. ಗ್ರಾಫಿನ ಹಾಳೆ ಬೇಡ. ಅಂಗಳದಲ್ಲಿ ಸಗಣಿ ಸಾರಿಸಿ, ತಿಂಗಳಿಗೊಂದು ಸಾಲಿನಂತೆ ಚಿಪ್ಪನ್ನೇ ಜೋಡಿಸುತ್ತೇವೆ: ಸಣ್ಣದು ಈ ಕಡೆ, ದೊಡ್ಡದು ಆ ಕಡೆ, ಹತ್ತು ಬಳಚಿಗೆ ಒಂದು ಚಿಪ್ಪು. ಸಾಲು ಎತ್ತ ವಾಲುತ್ತದೆಂದು ನನ್ನ ಅಬ್ಬೆಗೆ ಒಂದು ಅಕ್ಷರ ಓದದೆ ತಿಳಿಯಿತು. "ಇದು ಮಾಗಿಯ ಸಾಲು ಅಲ್ಲನೇ?" ಎಂದು ಕೋಲಿನಲ್ಲಿ ಮುಟ್ಟಿ ತೋರಿಸಿದಳು. ಸರಿಯಾಗಿತ್ತು.

ಆ ಸಭೆಯಲ್ಲಿ ಕೊಲ್ಲಂನ ಅಷ್ಟಮುಡಿ ಸರೋವರದ ಕತೆ ಹೇಳಿ. ಅಲ್ಲೂ ನಮ್ಮ ಪೇಫಿಯಾ ಬಳಚೇ. ರಫ್ತಿನ ಆಸೆಗೆ ಮಿತಿಮೀರಿ ತೆಗೆದು ಇಳುವರಿ ಕುಸಿದಾಗ, ಸಂಶೋಧನಾ ಸಂಸ್ಥೆಯವರ ಸಲಹೆ ಕೇಳಿ ಹೆಕ್ಕುವವರೇ ಕಟ್ಟುಪಾಡು ಒಪ್ಪಿಕೊಂಡರು: ಡಿಸೆಂಬರಿನಿಂದ ಫೆಬ್ರವರಿವರೆಗೆ ಮೊಟ್ಟೆಯ ಕಾಲದಲ್ಲಿ ತೆಗೆಯುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಕಿರಿದಾಗಿರುವಂತಿಲ್ಲ. 2014ರಲ್ಲಿ ಅದು ಭಾರತದಲ್ಲೇ ಮೊದಲನೆಯದಾಗಿ ಎಂ.ಎಸ್.ಸಿ. (ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಕೊಡುವ, ಬರಿದು ಮಾಡದ ಮೀನುಗಾರಿಕೆಯ ಪ್ರಮಾಣಪತ್ರ ಪಡೆಯಿತು. ಆದರೆ ಅವರ ತಿಂಗಳನ್ನು ಹಾಗೇ ತಂದು ನಿಮ್ಮ ಹೊಳೆಗೆ ಅಂಟಿಸಬೇಡಿ. ಕೆಸರಿನ ಚೌಕದಲ್ಲಿ ಮರಿ ಯಾವ ತಿಂಗಳು ಕಾಣಿಸುತ್ತದೆಂದು ನಿಮ್ಮ ಪುಸ್ತಕ ಹೇಳಲಿ, ತಿಂಗಳು ಅದರ ಮೇಲೆ ನಿಲ್ಲಲಿ. ನಮ್ಮಲ್ಲಿ ಸದ್ಯ ಒಪ್ಪಂದವಾಗಿರುವುದು ಒಂದೇ: ಜರಡಿಯ ಕಣ್ಣಿನಲ್ಲಿ ಇಳಿದದ್ದು ಹೊಳೆಗೆ ವಾಪಸು. ಅದು ಎರಡು ಕೇರಿಯವರೂ ಒಪ್ಪಿದ್ದು, ಯಾಕೆಂದರೆ ಸಣ್ಣ ಬಳಚು ಎರಡೂ ಕೇರಿಯ ಬುಟ್ಟಿಯಲ್ಲಿ ಇತ್ತು ಎಂಬುದನ್ನು ಅಂಗಳದ ಸಾಲು ತೋರಿಸಿತ್ತು.

ಮಳೆಗಾಲದಲ್ಲಿ ಹೆಚ್ಚಿನವರು ಹೊಳೆಗೆ ಇಳಿಯುವುದಿಲ್ಲ. ಆಗ ಹಳೆಯ ಪುಸ್ತಕದ ಮೊತ್ತ ಹಾಕಿ, ಹೊಸದಕ್ಕೆ ಗೆರೆ ಎಳೆಯಿರಿ, ಬುಟ್ಟಿಗಳನ್ನು ಮತ್ತೆ ತೂಗಿ. ಹೋದ ವರ್ಷ ಗೆರೆ ಎಳೆಯಲು ಕೂತಾಗ ಪಕ್ಕದ ಮನೆಯ ಅತ್ತಿಗೆ ಬಂದು, "ತಂಗಿ, ಬಳಚು ಹೇರಿಕೊಂಡು ಹೋಗುವ ಗಾಡಿ ಬರುವವರೆಗೆ ನಾವು ದಡದಲ್ಲಿ ಎಷ್ಟು ಹೊತ್ತು ಕಾಯುತ್ತೇವೆ, ಅದನ್ನೂ ಒಂದು ಕಲಮು ಮಾಡು" ಎಂದಳು. ಮಾಡಿದ್ದೇನೆ. ದರದ ಕಲಮಿನ ಪಕ್ಕದಲ್ಲೇ ಇದೆ.